ಬಾಂದಗಲ್ಲಿನ ಕೆಳಗಿನ ಇದ್ದಿಲು

"ಅಣ್ಣಾ, ನನ್ನ ಗಂಡ ಸತ್ತು ಹದಿನಾಲ್ಕು ವರ್ಷ ಆತು. ಮೊನ್ನಿ ಬುಧವಾರ ಆತನ್ನ ಮತ್ತೊಮ್ಮಿ ಕೊಂದ್ರು."

ಸುರಪುರದ ಗುಡ್ಡದ ಓಣಿಯಲ್ಲಿ, ಮೋಜಣಿ ಮರಿಲಿಂಗಪ್ಪನವರ ಮನೆಯ ಕಟ್ಟೆಯ ಮೇಲೆ ಕೂತು ಹಣಮಮ್ಮ ಹೀಗಂದಾಗ ಅಮೀನುದ್ದೀನನ ಕೈಯಲ್ಲಿದ್ದ ಚಹಾದ ಬಸಿ ಬಾಯಿಗೆ ಹೋಗದೆ ನಡುವೆಯೇ ನಿಂತಿತು. ಅವನು ತಹಸೀಲ ಕಚೇರಿಯ ರಿಕಾರ್ಡ್ ಕೋಣೆಯ ಗುಮಾಸ್ತ. ಉರ್ದು ಕಾಗದ ಓದಬಲ್ಲ ಕೊನೆಯ ಮನುಷ್ಯ ಎಂದು ಕಚೇರಿಯಲ್ಲಿ ಅವನಿಗೆ ಸ್ವಲ್ಪ ಮರ್ಯಾದೆ ಇತ್ತು. ಆದರೆ ಅವನಿಗೆ ಬೇಕಾಗಿದ್ದ ಮರ್ಯಾದೆ ಒಂದೇ: ಭಾನುವಾರ ಬೆಳಿಗ್ಗೆ ಮರಿಲಿಂಗಪ್ಪನವರು "ಬಾರೋ ಅಮೀನ, ಕುಂದ್ರು" ಅನ್ನುವುದು.

ಮರಿಲಿಂಗಪ್ಪನವರು ಯಾರು ಅಂತ ಹೇಳದೆ ಮುಂದೆ ಹೋದರೆ ಕತೆಗೆ ಅನ್ಯಾಯ. ಹದಿನಾರನೆಯ ವಯಸ್ಸಿಗೆ ನಿಜಾಮ ಸರ್ಕಾರದ ಮೋಜಣಿ ಖಾತೆಯಲ್ಲಿ ಹೊಲ ಅಳೆಯುವ ಸರಪಳಿ ಎಳೆಯುವ ಆಳಾಗಿ ಸೇರಿದವರು. ಸರ್ಕಾರ ಬದಲಾಯಿತು, ರಾಜ್ಯ ಬದಲಾಯಿತು, ಸರಪಳಿ ಬದಲಾಗಲಿಲ್ಲ. ಕೊನೆಗೆ ಮೋಜಣಿದಾರರಾಗಿಯೇ ನಿವೃತ್ತರಾದರು. ಸುರಪುರ, ಶಹಾಪುರ, ಯಾದಗಿರಿ ಮೂರೂ ತಾಲೂಕಿನಲ್ಲಿ ಅವರ ಕಾಲು ಬೀಳದ ಹೊಲವಿಲ್ಲ. ಯಾರ ಎತ್ತು ಕಳುವಾದರೂ, ಯಾರ ಮನೆಯ ಕನ್ನ ಬಗೆಹರಿಯದಿದ್ದರೂ ಜನ ಠಾಣೆಗೆ ಹೋಗುವ ಮೊದಲು ಈ ಕಟ್ಟೆಗೆ ಬರುತ್ತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಗೂಟಕ್ಕೆ ನೇತುಹಾಕಿದ ಹಳೆಯ ಸರಪಳಿ. ಎರಡನ್ನೂ ಅವರು ದಿನಾ ಒರೆಸುತ್ತಿದ್ದರು.

"ತಂಗಿ, ಮೊದಲ ನೀರು ಕುಡಿ. ಆಮ್ಯಾಲ ಬುಡದಿಂದ ಹೇಳು," ಅಂದರು ಮರಿಲಿಂಗಪ್ಪನವರು.

ಹಣಮಮ್ಮ ಬುಡದಿಂದಲೇ ಹೇಳಿದಳು. ಅವಳ ಊರು ಬಾಂದಿಹಾಳ, ಹುಣಸಗಿಯಿಂದ ಪಡುವಲಕ್ಕೆ. ಊರ ಪಡುವಲ ಅಂಚಿನಲ್ಲಿ ಒಂದು ಬೇವಿನ ಕಟ್ಟೆ. ಅದರಿಂದ ಇನ್ನೂ ಪಡುವಲಕ್ಕೆ ಹತ್ತು ಹೆಜ್ಜೆಯ ಮೇಲೆ ಒಂದು ಗಡಿಕಲ್ಲು, ಬಾಂದಗಲ್ಲು ಅನ್ನುತ್ತಾರೆ. ಹಿಂದೆ ಕಲ್ಲಿನ ಮೂಡಲಕ್ಕೆ ನಿಜಾಮನ ಸೀಮೆ, ಪಡುವಲಕ್ಕೆ ಮುಂಬಯಿ ಸರ್ಕಾರದ ಸೀಮೆ. ನಲವತ್ತೇಳರ ಆಗಸ್ಟ್ ಹದಿನೈದರಂದು ಕಲ್ಲಿನ ಆಚೆಗೆ ಎಲ್ಲೆಲ್ಲೂ ಬಾವುಟ. ಈಚೆಗೆ ಬಾವುಟ ಎತ್ತಿದವನಿಗೆ ಜೈಲು. ಅಂಥ ದಿನ ಹಣಮಮ್ಮನ ಗಂಡ ಈಶಪ್ಪ ಆಚೆಯಿಂದ ಬಾವುಟ ತಂದು, ಕಲ್ಲು ದಾಟಿ, ಬೇವಿನ ಕಟ್ಟೆಯ ಮೇಲೆ ನಿಂತು ಏರಿಸಿದ. ಹದಿಮೂರು ತಿಂಗಳು ಕಲಬುರಗಿಯ ಜೈಲಿನಲ್ಲಿದ್ದು, ಒಂದು ಕಾಲು ಕುಂಟಾಗಿ ಮನೆಗೆ ಬಂದ.

"ಈ ಸಪ್ಟೆಂಬರ್ ಹದಿನೇಳನೇ ತಾರೀಖಿಗೆ ನಿಜಾಮನ ರಾಜ್ಯ ಮುಗದು ನಲವತ್ತು ವರ್ಷ ಆಗ್ತದಲ್ರಿ. ಊರಾಗ ಕಮಿಟಿ ಮಾಡ್ಯಾರ. ಕಟ್ಟಿ ಮ್ಯಾಲ ಕಲ್ಲು ಹಾಕಿ, ನಿಜಾಮನ ಸೀಮಿಯೊಳಗ ಬಾವುಟ ಏರಿದ ನೆಲ ಅಂತ ನಮ್ಮವರ ಹೆಸರು ಕೆತ್ತಸ್ತೀವಿ ಅಂದಿದ್ರು. ಈಗ ಅದು ನಿಜಾಮನ ಸೀಮಿನೇ ಅಲ್ಲ ಅಂತಾರ!"

"ಯಾಕಂತ?"

"ಐದು ವರ್ಷದ ಹಿಂದ ಕಾಲುವಿ ಅಗ್ಯಾಕ ಮಿಶನ್ ಬಂದಾಗ ಬಾಂದಗಲ್ಲು ಕಿತ್ತು ಬಿತ್ರಿ. ನನ್ನ ಮಗ ದುರಗಪ್ಪ ಕಾಲುವಿ ಗ್ಯಾಂಗ್‌ಮನ್ ಅದಾನ. ಅದೇ ಕುಣ್ಯಾಗ ಎತ್ತಿ ನಿಲ್ಲಿಸಿದ. ಈಗ ಕಮಿಟಿಯವರು, ಕಲ್ಲು ಮೊದಲ ಕಟ್ಟಿಯಿಂದ ಮೂಡಲಕ್ಕ ಮೂವತ್ತು ಹೆಜ್ಜಿ ಮ್ಯಾಲಿತ್ತು, ಅಪ್ಪನ್ನ ದೊಡ್ಡಾಂವ ಮಾಡಾಕ ಮಗ ಇತ್ಲಾಗ ತಂದು ನೆಟ್ಟಾನ ಅಂತಾರ. ಬುಧವಾರ ಕಲ್ಲಿನ ಕೆಳಗ ಅಗದು ನೋಡಿದ್ರು. ಬಾಂದಗಲ್ಲಿನ ಕೆಳಗ ಇದ್ದಲಿ ಇರಬೇಕಂತ. ಇರಲಿಲ್ಲ. ಅಲ್ಲಿ ಮೂಡಲಕ್ಕ ಅಗದ್ರ, ಬುಟ್ಟಿಗಟ್ಟಲೆ ಸಿಕ್ಕಾವ!"

ಹಣಮಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ಇದ್ದದ್ದು ನೀರಲ್ಲ, ಬೆಂಕಿ.

"ಕಲ್ಲು ಕಿತ್ತ ಕಳ್ಳ ಅಂತ ಮಗನ ಮ್ಯಾಲ ಅರ್ಜಿ ಬರದಾರ. ಆತನ ಕೆಲಸ ಹೋದ್ರ ಹೋಗ್ಲಿ, ದುಡ್ಯಾಕ ಕೈಕಾಲು ಅದಾವ. ಆದ್ರ ಈಶಪ್ಪ ಹೆದರಿ ಗಡಿ ಆಚೀಕ ನಿಂತು ಬಾವುಟ ತೋರಿಸಿದ ಅಂತ ಅಂದ್ರಲ್ಲ, ಅದನ್ನ ಹ್ಯಾಂಗ ನುಂಗ್ಲಿ?"

"ಆ ದಿನ ನಿನ್ನ ಗಂಡನ ಸಂಗಾಟ ಯಾರಿದ್ರು ತಂಗಿ?"

ಅಲ್ಲಿಯವರೆಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವಳು ಮುಖ ಕೆಳಗೆ ಹಾಕಿದಳು. "ಅವರ ಜೀವದ ಗೆಳ್ಯಾ, ಗೆಣೆಕಾರ ಯಂಕಣ್ಣ ಇದ್ದ, ಗಡಿ ಆಚಿನ ಕಿರುದಾಳದಾಂವ. ಅದನ್ನ ಬಿಡ್ರಿ ಅಣ್ಣಾ."

ಮರಿಲಿಂಗಪ್ಪನವರು ಬಿಟ್ಟರು. ಆದರೆ ಅವರು ಯಾವುದನ್ನೂ ಪೂರ್ತಿ ಬಿಡುವ ಪೈಕಿ ಅಲ್ಲ ಎಂದು ಅಮೀನುದ್ದೀನನಿಗೆ ಗೊತ್ತಿತ್ತು.

ಮರುದಿನ ಅಮೀನುದ್ದೀನ ರಿಕಾರ್ಡ್ ಕೋಣೆಯಲ್ಲಿ ಧೂಳು ಕುಡಿದು ಹಳೆಯ ನಕಾಶೆ ಹುಡುಕಿದ. ಸಿಕ್ಕಿತು, ಉಪಯೋಗಕ್ಕೆ ಬರಲಿಲ್ಲ.

"ಕಾಕಾ, ಇದರಾಗ ಗಡಿ ಗೆರಿಯ ದಪ್ಪನೇ ಐವತ್ತು ಹೆಜ್ಜಿ ಅದ. ಕಟ್ಟಿನೂ ಅದರಾಗ ಮುಳುಗ್ಯಾದ, ಕಲ್ಲೂ ಮುಳುಗ್ಯಾದ," ಎಂದು ಮುಖ ಸಣ್ಣ ಮಾಡಿದ.

"ಕಾಗದ ಕೈಬಿಟ್ಟಲ್ಲಿ ಮಣ್ಣು ಹಿಡೀತದ ಬಿಡು," ಅಂದರು ಮರಿಲಿಂಗಪ್ಪನವರು. ಅವತ್ತೇ ಇಬ್ಬರೂ ಹುಣಸಗಿಯ ಬಸ್ಸು ಹತ್ತಿದರು.

ಬಸ್ಸಿನ ತುಂಬ ಮೆಣಸಿನಕಾಯಿ ಚೀಲ, ಕಿಟಕಿಯ ತುಂಬ ಹಸಿರು. ಕಾಲುವೆಗೆ ನೀರು ಬಂದು ನಾಲ್ಕು ವರ್ಷವಾಗಿತ್ತು. ಸಜ್ಜೆ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತ್ತು. ಮರಿಲಿಂಗಪ್ಪನವರಿಗೆ ಗಡಿಯ ವಿಷಯ ತೆಗೆದರೆ ಸಾಕು, ಮೈಯೆಲ್ಲ ಬಾಯಿ.

"ಆ ಗಡಿ ಹ್ಯಾಂಗ ಹುಟ್ತು ಗೊತ್ತೇನ್ ಅಮೀನ? ನಮ್ಮ ಸುರಪುರದ ನಾಯಕರು ಇಂಗ್ರೇಜರಿಗೆ ತಲಿ ಬಾಗಲಿಲ್ಲ. ಅದಕ್ಕ ಸಂಸ್ಥಾನ ಹೋತು. ಇಂಗ್ರೇಜರು ಎರಡು ಮೂರು ವರ್ಷ ಇಟ್ಕೊಂಡು, ನಮ್ಮ ಸೀಮಿನ ನಿಜಾಮಗ ಕೊಟ್ಟುಬಿಟ್ರು, ಮದುವ್ಯಾಗ ಆಯೇರಿ ಕೊಟ್ಟಂಗ. ಕೊಟ್ಟ ಮ್ಯಾಲ ಎಲ್ಲಿತನಕ ಕೊಟ್ಟೀವಿ ಅಂತ ತೋರಿಸಬೇಕಲ್ಲ? ಎರಡೂ ಕಡಿ ಮೋಜಣಿಯವರು ಕೂಡೇ ಬಂದು ಕಲ್ಲು ನೆಟ್ಟಾರ. ನನಗ ಸರಪಳಿ ಕಲಿಸಿದ ಮುದುಕ ಹೇಳ್ತಿದ್ದ, ಅದರಾಗೂ ಜಗಳ ಅಂತ! ಕಲ್ಲು ಸರದ್ರೂ ಜಾಗ ಗುರುತು ಸಿಗಲಿ ಅಂತ ಕೆಳಗ ಏನರೆ ಹುಗೀಬೇಕು. ಇಂಗ್ರೇಜಿ ಕಡಿಯವರದು ಇದ್ದಲಿ, ನಮ್ಮ ಕಡಿಯವರದು ಸುಟ್ಟ ಸುಣ್ಣ. ನಮ್ಮದ ಛಲೋ, ನಿಮ್ಮದ ಛಲೋ ಅಂತ ಮಧ್ಯಾಹ್ನದ ತನಕ ಗುದ್ದಾಡಿ ಊಟ ಬಿಟ್ಟಿದ್ರಂತ."

"ಕೊನಿಗೆ ಯಾರದು ನಡೀತು ಕಾಕಾ?"

"ಹಸಿವಿ ನಡೀತು," ಎಂದು ಮರಿಲಿಂಗಪ್ಪನವರು ನಕ್ಕರು. "ಐವತ್ತಾರರಾಗ ಎರಡೂ ಕಡಿ ಒಂದೇ ರಾಜ್ಯ ಆತು. ಅವತ್ತಿನಿಂದ ಆ ಕಲ್ಲಿಗೆ ಎಮ್ಮಿ ಮೈ ತಿಕ್ಕಸ್ಕೊಳ್ಳೋದೊಂದೇ ಕೆಲಸ. ಬೀಳು ಬಿದ್ದು ಜಾಲಿ ಬೆಳದು, ಕಲ್ಲು ಎಲ್ಲಿತ್ತಂತ ಯಾವಾಂವ ನೋಡ್ಯಾನ?"

ಬಾಂದಿಹಾಳದ ಪಡುವಲಕ್ಕೆ ದುರಗಪ್ಪ ಅವರಿಗಾಗಿ ಕಾದಿದ್ದ. ಮೂವತ್ತೈದರ ಗಟ್ಟಿ ಆಳು, ಆದರೆ ಮುಖ ಇಳಿದುಹೋಗಿತ್ತು.

"ಸಾಹೇಬ್ರ, ನಾನು ಕಲ್ಲು ಎತ್ತಿ ನಿಲ್ಲಿಸೋ ಮುಂದ ಕುಣ್ಯಾಗ ಇದ್ದಲಿ ಇದ್ದವ್ರಿ. ಕಣ್ಣಾರೆ ನೋಡೀನಿ. ಅದರ ಮ್ಯಾಲೇ ನಿಲ್ಲಿಸೀನಿ. ಯಾರೂ ನಂಬಾಕ ತಯಾರಿಲ್ಲ."

"ಆ ಮಾತು ಊರಾಗ ಯಾರ ಮುಂದರೆ ಹೇಳಿದ್ದೇನು?"

"ಅಂವ ಇಂವ ಅಂತಿಲ್ರಿ, ಚಹಾದಂಗಡ್ಯಾಗ ಎಲ್ಲಾರ ಮುಂದ ಹೇಳೀನಿ. ಕಮಿಟಿಯವರಿಗೆ ಗುರುತು ಬೇಕಂದ್ರ ಕೆಳಗ ಇದ್ದಲಿ ಅದಾವ ಅಂತ."

"ಹೇಳಿದ್ದು ಯಾವತ್ತು?"

"ಅಗಿಯೋಕಿಂತ ಒಂದು ವಾರ ಮೊದಲ್ರಿ."

ಮರಿಲಿಂಗಪ್ಪನವರು ಹೂಂ ಅಂದು ಪಂಚೆ ಎತ್ತಿ ಕಟ್ಟಿದರು. ಮೊದಲು ಕಲ್ಲಿನ ಬುಡದ ಕುಣಿ. ಕಮಿಟಿಯವರು ಅಗೆದು ಹಾಕಿದ ಮಣ್ಣು ಪಕ್ಕಕ್ಕೆ ಗುಡ್ಡೆಯಾಗಿ ಬಿದ್ದಿತ್ತು. ಅದರಲ್ಲಿ ಬಿಳಿಯ ಹರಳುಗಳು. ಎರೆಮಣ್ಣಿನಲ್ಲಿ ಸುಣ್ಣದ ಹರಳು ಇರುವುದು ಯಾರಿಗೆ ಗೊತ್ತಿಲ್ಲ, ಹೊಲ ಉಳುವಾಗ ಕಾಲಿಗೆ ಚುಚ್ಚುವುದು ಅದೇ. ಅಮೀನುದ್ದೀನ ಅತ್ತ ನೋಡಲೂ ಇಲ್ಲ. ಮರಿಲಿಂಗಪ್ಪನವರು ಮಾತ್ರ ಕುಕ್ಕರುಗಾಲಲ್ಲಿ ಕೂತು, ಕಾಳು ಆರಿಸುವ ಹೆಂಗಸಿನ ಹಾಗೆ ಒಂದೊಂದನ್ನೇ ಎತ್ತಿ, ನೋಡಿ, ಎಸೆದರು. ಅಂಗೈಯಗಲದ ಎರಡು ಚಪ್ಪಟೆ ತುಂಡುಗಳನ್ನು ಎಸೆಯಲಿಲ್ಲ. ಟವಲಿನಲ್ಲಿ ಕಟ್ಟಿಕೊಂಡರು.

ಆಮೇಲೆ ಮೂಡಲದ ಕುಣಿ, ಕಟ್ಟೆಯಿಂದ ಮೂವತ್ತು ಹೆಜ್ಜೆ, ಕಾಲುವೆಯ ತೂಬಿನ ಬಾಜುವಿಗೆ. ಎದೆಯುದ್ದ ಅಗೆದಿದ್ದರು.

"ಇದ್ದಲಿ ಎಷ್ಟು ಆಳದಾಗ ಸಿಕ್ಕವು?"

"ಇಲ್ಲಿ, ಮೊಣಕಾಲುದ್ದ ಕೆಳಗ್ರಿ," ಎಂದು ದುರಗಪ್ಪ ತೋರಿಸಿದ. ಕುಣಿಯ ಗೋಡೆಯಲ್ಲಿ ಇದ್ದಿಲಿನ ಕರಿ ಪುಡಿ ಇನ್ನೂ ಅಂಟಿತ್ತು. ಮರಿಲಿಂಗಪ್ಪನವರು ಕುಣಿಗೆ ಇಳಿದು, ಆ ಕರಿ ಗುರುತಿನ ಕೆಳಗೆ ಬೆರಳು ಹಾಕಿ ಮಣ್ಣು ಕೆದರಿ ತೆಗೆದರು. ಎರೆಮಣ್ಣಿನ ನಡುವೆ ಹಳದಿ ಗರಸಿನ ಹರಳು ಬೆರೆತಿದ್ದವು.

"ಈ ಹಳದಿ ಗರಸು ಹೊಲದಾಗ ಎಲ್ಲಿಂದ ಬಂತು ದುರಗಪ್ಪ?"

"ಕಾಲುವಿ ಅಗದದ್ದು ರೀ. ಮೂವತ್ತು ಫೂಟು ಕೆಳಗಿಂದ ಮಿಶನ್ ತಗದು ದಂಡಿಗುಂಟ ಹರವಿಬಿಟ್ರು. ಮೊದಲ ಇದು ಚೊಕ್ಕ ಎರಿ ಹೊಲ, ಒಂದು ಹರಳು ಗರಸು ಇರಲಿಲ್ಲ."

"ಹೌದಲ್ಲ," ಅಂದರು ಮರಿಲಿಂಗಪ್ಪನವರು, ಯಾರೋ ಹಬ್ಬದ ಊಟಕ್ಕೆ ಕರೆದಂಥ ಮುಖ ಮಾಡಿಕೊಂಡು.

ಕಮಿಟಿಯ ಅಧ್ಯಕ್ಷ ಬಸವಂತರಾಯನ ಮನೆ ಊರ ನಡುವೆ. ಅವನ ಅಪ್ಪ ನಿಜಾಮನ ಕಾಲದ ಮಾಲಿಪಾಟೀಲ, ಊರ ಕಂದಾಯ, ಗಡಿ ನೋಡುವ ಗೌಡ. ಈಶಪ್ಪನನ್ನು ಹಿಡಿದುಕೊಟ್ಟವನೇ ಆತ. ಅಮೀನುದ್ದೀನ ಹೊಸ್ತಿಲು ದಾಟುವಾಗಲೇ ಕಳ್ಳನನ್ನು ಕಂಡುಹಿಡಿದುಬಿಟ್ಟಿದ್ದ. ಅಪ್ಪನ ಕಳಂಕ ತೊಳೆಯಲು ಮಗ ಇದ್ದಿಲು ಹುಗಿದಿದ್ದಾನೆ, ಇದರಲ್ಲಿ ಇನ್ನೇನು ವಿಚಾರ!

"ನೋಡ್ರಿ, ನನಗೇನು ಸಿಟ್ಟಿಲ್ಲ," ಅಂದ ಬಸವಂತರಾಯ, ಮೀಸೆ ತಿರುವುತ್ತ. "ಮೂಡಲಕ್ಕ ಅಗೀರಿ ಅಂತ ಹೇಳಿದಾಂವ ನಾನಲ್ಲ, ಯಂಕಣ್ಣ. ಕಲ್ಲು ಅಲ್ಲಿತ್ತು ಅಂತ ಆತಗ ನೆಪ್ಪು ಬಂತು. ಆ ಮುದುಕ ಸುಳ್ಳು ಯಾಕ ಹೇಳ್ಯಾನ? ಈಶಪ್ಪನ ಖಾಸಾ ಗೆಣೆಕಾರ."

"ಇದ್ದಲಿ ಎಲ್ಲಿ ಅದಾವ?"

"ಸಾಕ್ಷಿ ಅಂತ ಚೀಲದಾಗ ಕಟ್ಟಿಟ್ಟೀನಿ. ಮುಟ್ಟಾಕ ಕೊಡೂದಿಲ್ಲ."

"ಬ್ಯಾಡ, ಇಟ್ಕೋರಿ. ಹದಿನಾರನೇ ತಾರೀಖು ಬೇವಿನ ಕಟ್ಟಿ ಹತ್ರ ತಂದ್ರ ಸಾಕು. ಒಂದು ಮಾತು ಹೇಳ್ರಿ, ಬಾಂದಗಲ್ಲಿನ ಕೆಳಗ ಇದ್ದಲಿ ಇರ್ತಾವಂತ ನಿಮಗ ಮೊದಲ ಗೊತ್ತಿತ್ತೇನು?"

"ಇಲ್ರಿ. ನಮ್ಮಪ್ಪ ಊರ ಹದ್ದಿನ ಕಲ್ಲು ನೆಡಸೋ ಮುಂದ ನೋಡೀನಿ, ಸುಣ್ಣ ಹಾಕ್ತಿದ್ರು. ಇದ್ದಲಿ ಕತಿ ದುರಗಪ್ಪನ ಬಾಯಿಂದಲೇ ಕೇಳಿದ್ದು."

ಹೊರಗೆ ಬಂದ ಮೇಲೆ ಅಮೀನುದ್ದೀನ ಪಿಸುಗುಟ್ಟಿದ. "ಕಾಕಾ, ಇವನೇ ಅಲ್ಲೇನು?"

"ಮೀಸಿ ದೊಡ್ಡದಿದ್ರ ಕಳ್ಳ ಆಗ್ತಾನೇನೋ? ಹಂಗಾದ್ರ ನಮ್ಮ ತಾಲೂಕಿನ್ಯಾಗ ಅರ್ಧ ಜನ ಜೈಲಿನಾಗಿರಬೇಕು. ನಡಿ, ಕಿರುದಾಳಕ್ಕ."

ಯಂಕಣ್ಣ ಅರವತ್ತಮೂರರ ಸಣಕಲು ಮುದುಕ. ಮನೆ ಚೊಕ್ಕಟ, ಮಾತು ಮೆತ್ತಗೆ. ಗೋಡೆಯ ತುಂಬ ಶಾಲೆಯವರು ಹಾಕಿದ ಶಾಲು, ಹಾರದ ಫೋಟೋ. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಎರಡೂ ಊರಿನ ಶಾಲೆಗಳಲ್ಲಿ ಅವನದೇ ಭಾಷಣ. ಅಮೀನುದ್ದೀನ ಆ ಕತೆ ಹೇಳಿರೆಂದು ಕೇಳಿದ್ದೇ ತಡ, ಮುದುಕ ಎದ್ದು ನಿಂತು, ಬಾಯಿಪಾಠವಾದ ಪದ್ಯದಂತೆ ಹೇಳಿದ.

"ಹೊತ್ತು ಮೂಡಾಕತ್ತಿತ್ರಿ. ನಾನು ಬಾಂದಗಲ್ಲಿಗೆ ಕೈಹಚ್ಚಿ ನಿಂತಿದ್ದೆ, ಪೊಲೀಸರು ಬಂದಾರೇನಂತ ಕಾವಲು. ಈಶಪ್ಪ ಕಟ್ಟಿ ಹತ್ತಿದ. ಹಗ್ಗ ಜಗ್ಗಿದ. ಬಾವುಟ ಬಿಚ್ಚಿಕೊಂತು. ಸೂರ್ಯ ನೆಟ್ಟಗ ನನ್ನ ಕಣ್ಣಾಗ ಹೊಡ್ಯಾಕತ್ತಿತ್ತು. ಆತನ ಮಾರಿ ಕಾಣಲಿಲ್ಲ, ಕರ್ರಗ ಆಕಾರ ಅಷ್ಟ. ಆತ ಒಮ್ಮಿ ಹೊಳ್ಳಿ ನೋಡಿದ, ನನ್ನ ಕಡೆ." ಅಲ್ಲಿ ಮುದುಕ ಗೋಡೆಯ ಫೋಟೋಗಳ ಕಡೆ ತಿರುಗಿದ. "ಸಂಜಿಕ ಮನ್ಯಾಗಿಂದ ಆತನ್ನ ಹಿಡಕೊಂಡು ಹೋದ್ರು."

"ನಿಮಗ ಮೋಜಣಿ ಕೆಲಸಾನೂ ಗೊತ್ತಂತಲ್ರಿ?" ಎಂದು ಮರಿಲಿಂಗಪ್ಪನವರು ಗಾಳಿಗೆ ಎಸೆದಂತೆ ಕೇಳಿದರು.

ಮುದುಕ ಹಿಗ್ಗಿದ. "ಯಾರ ಹೇಳಿದ್ರಿ? ಹೌದ್ರಿ, ಸಣ್ಣಾಂವ ಇದ್ದಾಗ ಎರಡು ವರ್ಷ ವಿಜಾಪುರದ ಕಡೆ ಇಂಗ್ರೇಜಿ ಮೋಜಣಿಯವರ ಸಂಗಾಟ ಸರಪಳಿ ಹಿಡದೀನಿ."

"ಅಂದ್ರ ನಾವಿಬ್ರೂ ಒಂದೇ ಕಸಬಿನವರು," ಎಂದು ಮರಿಲಿಂಗಪ್ಪನವರು ಕೈ ಮುಗಿದು ಎದ್ದರು. ದಾರಿಯುದ್ದಕ್ಕೂ ತಲೆ ತಗ್ಗಿಸಿಯೇ ನಡೆದರು. ಯಾರಾದರೂ ಸಿಕ್ಕಿಬಿದ್ದಾಗ ಅವರಿಗೆ ಖುಷಿಯಾಗುತ್ತಿತ್ತು. ಇವತ್ತು ಹಾಗಾಗಲಿಲ್ಲ ಎಂದು ಅಮೀನುದ್ದೀನನಿಗೆ ತಿಳಿಯಿತು, ಯಾಕೆ ಎಂದು ತಿಳಿಯಲಿಲ್ಲ.

ಹದಿನಾರರ ಬೆಳಿಗ್ಗೆ ಬೇವಿನ ಕಟ್ಟೆಯ ಸುತ್ತ ಎರಡೂ ಊರು ನೆರೆದವು. ಬಸವಂತರಾಯ ಇದ್ದಿಲಿನ ಚೀಲವನ್ನು ಮೊದಲ ಮೊಮ್ಮಗನ ಹಾಗೆ ಎತ್ತಿಕೊಂಡು ಬಂದ. ಹಣಮಮ್ಮ ಮಗನ ಪಕ್ಕ ನೆಟ್ಟಗೆ ನಿಂತಿದ್ದಳು. ಯಂಕಣ್ಣ ಕಟ್ಟೆಯ ಅಂಚಿಗೆ, ಹೆಗಲ ಮೇಲೆ ಶಾಲು.

"ಕೇಳ್ರೆಪ್ಪ," ಎಂದು ಮರಿಲಿಂಗಪ್ಪನವರು ಶುರುಮಾಡಿದರು. "ಕುಣಿ ಎರಡು, ಕಲ್ಲು ಒಂದು. ಖರೇ ಕುಣಿ ಯಾವದು? ಮೂಡಲದ ಕುಣ್ಯಾಗ ಇದ್ದಲಿ ಸಿಕ್ಕಾವ, ಹೌದು. ಆದ್ರ ಆ ಇದ್ದಲಿ ಕೆಳಗ ಏನದ ಅಂತ ಯಾರೂ ನೋಡಲಿಲ್ಲ. ಅಮೀನ, ತೋರಿಸು."

ಅಮೀನುದ್ದೀನ ಕುಣಿಗೆ ಇಳಿದು, ಕರಿ ಗುರುತಿನ ಕೆಳಗಿನ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಹಿಡಿದ. ಹಳದಿ ಹರಳು ಬಿಸಿಲಿಗೆ ಹೊಳೆದವು.

"ಕಾಲುವಿ ಗರಸು. ಇದು ಭೂಮಿ ಮ್ಯಾಲ ಬಂದು ಐದು ವರ್ಷ. ಇದ್ದಲಿ ಹುಗದು ನೂರು ವರ್ಷದ ಮ್ಯಾಲಾತು. ನೂರು ವರ್ಷದ್ದು ಮ್ಯಾಲ, ಐದು ವರ್ಷದ್ದು ಕೆಳಗ! ಮುತ್ಯಾ ಮೊಮ್ಮಗನ ತೊಡಿ ಮ್ಯಾಲ ಕುಂತಂಗಾತಲ್ಲ? ಈ ಕುಣಿ ಅಗದದ್ದು, ಇದ್ದಲಿ ಹಾಕಿದ್ದು ಕಾಲುವಿ ಬಂದ ಮ್ಯಾಲ."

ಜನ ಗುಜುಗುಜು ಅಂದರು. ಬಸವಂತರಾಯ ಸೋಲೊಪ್ಪುವವನಲ್ಲ. "ಇರ್ಲಿರಿ. ಇಲ್ಲಿ ಸುಳ್ಳು ಅಂದ್ರ ಅಲ್ಲಿ ಖರೇ ಅಂತ ಹ್ಯಾಂಗ? ಪಡುವಲದ ಕುಣ್ಯಾಗ ಇದ್ದಲಿ ಇರಲೇ ಇಲ್ಲ."

"ಇದ್ದವು. ಕದ್ದಾರ. ಎಲ್ಲಾರೂ ಸಂತಿಗೆ ಹೋದ ದಿನ ಕಲ್ಲಿನ ಬಾಜೂಕ ಬಗದು, ಕೈಹಾಕಿ ತಗದಾರ. ಕಾಲುವಿ ನೀರಿಗೆ ಮಣ್ಣು ಬೆಣ್ಣಿಯಂಗಾಗ್ಯಾದ, ಮುದುಕನ ಕೈಗೂ ಬರ್ತದ." ಅವರು ಟವಲು ಬಿಚ್ಚಿದರು. ಎರಡು ಬಿಳಿಯ ಚಪ್ಪಟೆ ತುಂಡು. "ಇವು ನಿಮ್ಮ ಗುಡ್ಡಿಯೊಳಗ ಬಿದ್ದಿದ್ದವು. ನೀವು ಹೊಲದ ಹರಳು ಅಂದ್ರಿ. ಹೊಲದ ಹರಳು ಶೇಂಗಾದಂಗ ಗುಂಡಗ ಇರ್ತಾವ. ಇದು ಸುಟ್ಟು, ಕಲಸಿ, ಹಸಿ ಇದ್ದಾಗ ಸುರುವಿದ ಸುಣ್ಣ. ಗಡಿ ನೆಟ್ಟಾಗ ಇಂಗ್ರೇಜಿ ಮೋಜಣಿಯಾಂವ ಇದ್ದಲಿ ಹಾಕ್ಯಾನ. ನಿಜಾಮನ ಮೋಜಣಿಯಾಂವ ಬಿಟ್ಟಾನೇನು? ಅದರ ಮ್ಯಾಲೇ ತನ್ನ ಸುಣ್ಣ ಸುರುವ್ಯಾನ. ಬಸವಂತರಾಯ್ರ, ಚೀಲ ಬಿಚ್ಚರಿ."

ಸುಣ್ಣದ ತುಂಡಿನ ಕೆಳಮೈಯಲ್ಲಿ ಕುಳಿಗಳಿದ್ದವು, ಒಳಗೆ ಕರಿ ಮಸಿ. ಮರಿಲಿಂಗಪ್ಪನವರು ಚೀಲದಿಂದ ಇದ್ದಿಲು ಒಂದೊಂದಾಗಿ ಎತ್ತಿ ಹಚ್ಚಿ ನೋಡಿದರು. ಒಂದು ಕೂಡಲಿಲ್ಲ. ಇನ್ನೊಂದು ಕೂಡಲಿಲ್ಲ. ಏಳನೆಯದು, ಹೆಬ್ಬೆರಳಿನಷ್ಟು ಉದ್ದದ, ಒಂದು ತುದಿಗೆ ಗಂಟಿದ್ದ ಇದ್ದಿಲು, ಗಂಟು ಸಮೇತ ಕುಳಿಯೊಳಗೆ ಹೋಗಿ ಕೂತಿತು. ತುಂಡನ್ನು ತಲೆಕೆಳಗೆ ಮಾಡಿ ಹಿಡಿದರೂ ಬೀಳಲಿಲ್ಲ.

"ಹೌದ್ಹೌದು!" ಎಂದು ಮೊದಲು ಕೂಗಿದವನು ಬಸವಂತರಾಯ. ಮನುಷ್ಯ ಒರಟ, ಆದರೆ ಕಣ್ಣಿಗೆ ಕಂಡದ್ದನ್ನು ಇಲ್ಲ ಅನ್ನುವವನಲ್ಲ. ದುರಗಪ್ಪನ ಬಳಿ ಹೋಗಿ, "ತಪ್ಪಾತು ತಮ್ಮಾ, ಅರ್ಜಿ ಹರದು ಒಗೀತೀನಿ," ಅಂದ.

"ಹಂಗಾದ್ರ ಮಾಡ್ಯಾರ ಯಾರು?" ಎಂದು ಯಾರೋ ಕೂಗಿದರು.

"ಅದೂ ಈ ಸುಣ್ಣಾನೇ ಹೇಳ್ತದ," ಅಂದರು ಮರಿಲಿಂಗಪ್ಪನವರು. ದನಿ ತಗ್ಗಿತು. "ಕದ್ದಾಂವ ಇದ್ದಲಿ ಪೂರಾ ತಗೊಂಡಾನ, ಸುಣ್ಣ ಅಲ್ಲೇ ಬಿಟ್ಟಾನ. ಬಾಂದಿಹಾಳದ ಮಾಲಿಪಾಟೀಲನ ಮನಿಯಾಂವ ಆಗಿದ್ರ ಸುಣ್ಣ ಮೊದಲ ತಗೀತಿದ್ದ, ಅವರು ಹಾಕ್ತಿದ್ದದ್ದೇ ಅದು. ಬರೇ ಇದ್ದಲಿ ಗುರುತಿದ್ದಾಂವ, ಇಂಗ್ರೇಜಿ ಕಡಿ ಸರಪಳಿ ಹಿಡದಾಂವ. ಇನ್ನೊಂದು ಮಾತು. ವರ್ಷಕ್ಕೊಮ್ಮಿ ಸಾಲಿ ಹುಡುಗರ ಮುಂದ ಆತ ಹೇಳೋದು ಏನು? ಬಾಂದಗಲ್ಲಿಗೆ ಕೈಹಚ್ಚಿ ನಿಂತಿದ್ದೆ, ಈಶಪ್ಪ ಕಟ್ಟಿ ಮ್ಯಾಲಿದ್ದ, ಮೂಡೋ ಸೂರ್ಯ ನನ್ನ ಕಣ್ಣಾಗ ಹೊಡೀತು. ಕಲ್ಲು ಕಟ್ಟಿಗೆ ಮೂಡಲಕ್ಕಿದ್ರ ಕಟ್ಟಿ ಕಡೆ ನೋಡೋನಿಗೆ ಸೂರ್ಯ ಬೆನ್ನಿಗೆ ಬೀಳಬೇಕು, ಕಣ್ಣಿಗಲ್ಲ. ಯಂಕಣ್ಣಾವ್ರ, ನೀವು ನಲವತ್ತು ವರ್ಷ ಖರೇನೇ ಹೇಳೀರಿ. ಕಲ್ಲು ಪಡುವಲಕ್ಕೇ ಇತ್ತು."

ಎಲ್ಲರೂ ತಿರುಗಿ ನೋಡಿದರು. ಯಂಕಣ್ಣ ಹೆಗಲ ಮೇಲಿನ ಶಾಲು ತೆಗೆದು ಮಡಚಿದ. ಓಡಲಿಲ್ಲ, ಇಲ್ಲ ಅನ್ನಲಿಲ್ಲ.

"ನಾವಿಬ್ರೂ ಕೂಡಿ ದಾಟಬೇಕಂತ ಆಣಿ ಮಾಡಿದ್ದೆವ್ರಿ," ಅಂದ. "ಕಲ್ಲಿನತನಕ ಬಂದೆ. ಮುಂದ ಕಾಲು ಏಳಲಿಲ್ಲ. ಆತ ಒಬ್ಬನೇ ಹೋದ. ಹಗ್ಗ ಜಗ್ಗಿ, ಹೊಳ್ಳಿ ನೋಡಿ, ಬಾ ಅಂತ ಕೈಮಾಡಿದ. ನಾನು ಹೋಗಲಿಲ್ಲ. ಅಲ್ಲೇ ಹಿಡದು ಹೊಡದ್ರು, ಸಂಜಿಕ ಮನ್ಯಾಗಲ್ಲ. ನಾನು ಕಲ್ಲಿನ ಆಚೀಕ ನಿಂತು ನೋಡಿದೆ. ಕಟ್ಟಿ ನಿಜಾಮನ ಸೀಮಿ ಅಂತ ಕಲ್ಲಾಗ ಕೆತ್ತಿದ್ರ, ನೀ ಯಾಕ ದಾಟಲಿ‌ಲ್ಲ ಅಂತ ನಾಳೆ ಸಾಲಿ ಹುಡುಗರು ಕೇಳ್ತಾರಲ್ಲ? ಕಟ್ಟಿ ಆಚಿನ ಸೀಮಿಯೊಳಗಿದ್ರ ಯಾರೂ ಕೇಳೂದಿಲ್ಲ ಅಂತ... ದುರಗಪ್ಪನ ಮ್ಯಾಲ ಬರ್ತದಂತ ಖರೇನ ತಿಳಿಲಿಲ್ಲ. ಬಂದ ಮ್ಯಾಲ ಬಾಯಿ ಬಿಡಾಕ ಧೈರ್ಯ ಸಾಲಲಿಲ್ಲ. ನನ್ನ ಹಣೆಬರಾನೇ ಅಷ್ಟು, ಧೈರ್ಯ ಬೇಕಾದ ಕಡೆ ನಿಂತುಬಿಡ್ತೀನಿ."

ದುರಗಪ್ಪ ಮುಷ್ಟಿ ಬಿಗಿದು ಮುಂದೆ ಬಂದ. ಹಣಮಮ್ಮ ಕೈ ಅಡ್ಡ ಹಿಡಿದಳು.

"ನಿಂದ್ರು ಮಗಾ. ಇದು ನನಗ ಗೊತ್ತಿತ್ತು."

ಯಂಕಣ್ಣ ತಲೆ ಎತ್ತಿದ.

"ಜೈಲಿನಿಂದ ಬಂದ ದಿನಾನೇ ಹೇಳಿದ್ದ ನಿನ್ನ ಗೆಣೆಕಾರ," ಅಂದಳು ಹಣಮಮ್ಮ. "ಯಂಕಣ್ಣ ದಾಟಲಿಲ್ಲ, ಯಾರ ಮುಂದೂ ಅನಬ್ಯಾಡ ಅಂದಿದ್ದ. ಕಲ್ಲಿನತನಕರೆ ಯಾವ ಮಗ ಬಂದಾನ, ಆತೊಬ್ಬ ಬಂದ ಅಂದಿದ್ದ. ಅದಕ್ಕ ನಲವತ್ತು ವರ್ಷ ಬಾಯಿ ಮುಚ್ಚಿದೆ. ಮೊನ್ನಿ ಈ ಅಣ್ಣಾ ಕೇಳಿದಾಗಲೂ ಮುಚ್ಚಿದೆ. ನೀನು ಆತನ ಕುಣ್ಯಾಗ ಕೈ ಹಾಕಿದೆಲ್ಲೋ!"

ಮುದುಕ ಕಟ್ಟೆಗೆ ತಲೆ ಚಚ್ಚಿಕೊಂಡು ಅತ್ತ. ಅವನನ್ನು ಪೊಲೀಸರಿಗೆ ಕೊಡಬೇಕೆಂದು ಕೆಲವರು, ಊರು ದಾಟಿಸಬೇಕೆಂದು ಕೆಲವರು. ಮರಿಲಿಂಗಪ್ಪನವರು ಅದರಲ್ಲಿ ಬಾಯಿ ಹಾಕಲಿಲ್ಲ. "ನನ್ನ ಕೆಲಸ ಗಡಿ ತೋರಸೋತನಕ. ಆಚೀಕಿಂದು ಈಕಿದು," ಎಂದು ಹಣಮಮ್ಮನ ಕಡೆ ಕೈ ತೋರಿದರು.

ಹಣಮಮ್ಮ ಮಗನನ್ನು ಕರೆದುಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ರಾತ್ರಿಯೆಲ್ಲ ಕೆತ್ತಿಸಿದ ಹೊಸ ಕಲ್ಲು ನಿಂತಿತ್ತು. ಈಶಪ್ಪನ ಹೆಸರು ದೊಡ್ಡ ಅಕ್ಷರದಲ್ಲಿ. ಬಾಂದಗಲ್ಲನ್ನು ದುರಗಪ್ಪ ಮತ್ತೆ ಅದರ ಕುಣಿಯಲ್ಲಿ ನಿಲ್ಲಿಸಿದ್ದ, ಇದ್ದಿಲು, ಸುಣ್ಣ ಎರಡನ್ನೂ ಕೆಳಗಿಟ್ಟು. ಇದ್ದಿಲು ಕೂತ ಆ ಒಂದು ಸುಣ್ಣದ ತುಂಡನ್ನು ಮಾತ್ರ ಬಸವಂತರಾಯ ಶಾಲೆಯ ಕಪಾಟಿಗೆ ಕೇಳಿಕೊಂಡಿದ್ದ. ತಹಸೀಲದಾರರು, ಶಾಲೆಯ ಹುಡುಗರು, ಎರಡು ಊರಿನ ಹೆಂಗಸರು, ಕಾಲಿಡಲು ಜಾಗವಿರಲಿಲ್ಲ. ಅಮೀನುದ್ದೀನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮರಿಲಿಂಗಪ್ಪನವರ ಪಕ್ಕಕ್ಕೇ ನಿಂತಿದ್ದ. ನಮ್ಮ ಕಾಕಾ ಎಂದು ಎದುರಿಗೆ ಬಂದವರಿಗೆಲ್ಲ ಹೇಳುತ್ತಿದ್ದ, ಕೇಳದವರಿಗೂ.

ಬಾವುಟ ಏರಿಸಲು ಹಣಮಮ್ಮನನ್ನು ಕರೆದರು. ಅವಳು ಕಟ್ಟೆ ಹತ್ತಿ ಹಗ್ಗ ಹಿಡಿದು ಪಡುವಲಕ್ಕೆ ನೋಡಿದಳು. ಜನರ ಹಿಂದೆ, ಬಾಂದಗಲ್ಲಿನ ಆಚೆಗೆ, ಯಂಕಣ್ಣ ಒಬ್ಬನೇ ನಿಂತಿದ್ದ. ಹೆಗಲ ಮೇಲೆ ಶಾಲು ಇರಲಿಲ್ಲ.

"ಯಂಕಣ್ಣಾ!" ಎಂದು ಹಣಮಮ್ಮ ಅಷ್ಟು ದೂರಕ್ಕೆ ಕೇಳುವಂತೆ ಕೂಗಿದಳು. "ಅವತ್ತು ಆತ ಕೈಮಾಡಿ ಕರದ. ಇವತ್ತು ನಾ ಕರೀತೀನಿ. ಹತ್ತೇ ಹೆಜ್ಜಿ ಅದ, ಬಾ."

ಜನ ಅತ್ತಿತ್ತ ಸರಿದು ದಾರಿ ಬಿಟ್ಟರು. ಆ ಗಡಿ ಅಳಿದು ಮೂವತ್ತೆರಡು ವರ್ಷವಾಗಿತ್ತು. ದಿನಾ ಎಮ್ಮೆ ದಾಟುತ್ತಿತ್ತು, ಬಂಡಿ ದಾಟುತ್ತಿತ್ತು, ಕಾಲುವೆಯ ನೀರು ದಾಟುತ್ತಿತ್ತು. ಆದರೂ ಮುದುಕ ಕಲ್ಲಿಗೆ ಕೈಹಚ್ಚಿ ಬಹಳ ಹೊತ್ತು ನಿಂತ. ಮೂಡಲದ ಸೂರ್ಯ ಅವನ ಕಣ್ಣಿಗೆ ನೆಟ್ಟಗೆ ಹೊಡೆಯುತ್ತಿತ್ತು. ಆಮೇಲೆ ಕೈ ತೆಗೆದು ಹೆಜ್ಜೆಯಿಟ್ಟ.

ಅಮೀನುದ್ದೀನ ಬಾಯಲ್ಲೇ ಎಣಿಸಿದ. ಹತ್ತಕ್ಕೆ ಮುದುಕ ಕಟ್ಟೆ ಮುಟ್ಟಿದ. ಹಣಮಮ್ಮ ಹಗ್ಗದ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು.

"ಜಗ್ಗು," ಅಂದಳು.